ಅಮ್ಮನ ಸಂಡಿಗೆಯೂ ನನ್ನ ಸೋಲಾರ್ ಲೆಕ್ಕವೂ

ತುಮಕೂರಿನ ನಮ್ಮ ಮನೆ 20-30 ಸೈಟಿನದು. ತಾರಸಿ ಅಂತ ಇರೋದೇ ಸುಮಾರು 450 ಚದರಡಿ. ಅದರಲ್ಲಿ ನೈರುತ್ಯಕ್ಕೆ ನೀರಿನ ಟ್ಯಾಂಕು, ಉತ್ತರಕ್ಕೆ ಮೆಟ್ಟಿಲ ಮನೆ, ಅದರ ಪಕ್ಕ ಬಿಸಿನೀರಿನ ಸೋಲಾರು. ಇವೆಲ್ಲ ಕಳೆದು ಉಳಿಯೋದು 250 ಅಡಿ.

ನಾನು ತಿಂಗಳಲ್ಲಿ ಎರಡು ವಾರ ಊರಿಂದಲೇ ಆಫೀಸ್ ಕೆಲಸ ಮಾಡುತ್ತೇನೆ. ತಮ್ಮ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡ ಮೇಲಂತೂ ಕರೆಂಟ್ 200 ಯೂನಿಟ್ ದಾಟಿ, ಗೃಹಜ್ಯೋತಿ ಕೈಬಿಟ್ಟು, ಪೂರ್ತಿ ಬಿಲ್ ಬರಲು ಶುರುವಾಯಿತು. ಸರಿ, ಸೋಲಾರ್ ಹಾಕಿಸೋಣ ಅಂತ ಹೊರಟೆ.

ಕಳೆದ ಏಪ್ರಿಲ್ ಕೊನೆಯಲ್ಲಿ ಅಳತೆಗೆ ಬಂದ ಹುಡುಗ, "ಮೂರು ಕಿಲೋವಾಟ್ ಹಾಕಿಸಿ ಮೇಡಂ, 78,000 ಸಬ್ಸಿಡಿ ಸಿಗುತ್ತೆ" ಅಂದ. 540 ವಾಟ್‌ನ ಒಂದು ಪ್ಯಾನೆಲ್ ಏಳೂವರೆ ಅಡಿ ಉದ್ದ, 3.7 ಅಡಿ ಅಗಲ. ಅಂಥವು ಆರು. ನಾನು ಎಕ್ಸೆಲ್‌ನಲ್ಲಿ ತಾರಸಿಯ ನಕ್ಷೆ ಬರೆದು, ಟ್ಯಾಂಕಿನ ಉತ್ತರದ ಬಯಲಿಗೆ ಆರನ್ನೂ ಕೂರಿಸಿ, ನಡುವೆ ತೊಳೆಯೋಕೆ ಓಡಾಡುವಷ್ಟು ಜಾಗ ಬಿಟ್ಟು, ಗೆದ್ದೆ ಅಂದುಕೊಂಡೆ.

ಅಮ್ಮನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಸುಮ್ಮನೆ ನೋಡಿದರು. "ಸಂಡಿಗೆ ಎಲ್ಲಿ ಹಾಕ್ಲಿ?" ಅಂದರು.

ನನಗೆ ರೇಗಿತು. ಸಂಡಿಗೆ ಅಂಗಡೀಲಿ ಸಿಗಲ್ವಾ ಅಂದುಬಿಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಅಪ್ಪ ಹೋದ ಮೇಲೆ ಅವರು ದಿನದ ಅರ್ಧ ಹೊತ್ತು ಕಳೆಯೋದು ಆ ತಾರಸಿಯಲ್ಲೇ ಅನ್ನೋದು ನನ್ನ ನಕ್ಷೆಯ ಯಾವ ಚೌಕದಲ್ಲೂ ಇರಲಿಲ್ಲ.

ಮಾರನೇ ದಿನ ಕಾಫಿ ಹಿಡಿದು ಮೇಲೆ ಹೋದಾಗ ಅವರೇ ಮಾತು ತೆಗೆದರು. "ಅಲ್ಲ ಕಣೇ, ನಂದು ಬಿಡು. ಆದ್ರೆ ಇಲ್ಲಿ ಸಂಕ್ರಾಂತಿ ಟೈಮಲ್ಲಿ ಬಟ್ಟೆ ಒಣಗಲ್ಲ. ಟ್ಯಾಂಕ್ ನೆರಳು ಇಲ್ಲೀವರೆಗೂ ಬರತ್ತೆ." ಹೀಗಂತ ಕಾಲಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಟೇಪ್ ಹಿಡಿದೆ. ಟ್ಯಾಂಕಿನ ಬುಡದಿಂದ ಏಳಡಿ.

ಆಗ ಹೊಳೆಯಿತು. ಏಪ್ರಿಲ್ ಕೊನೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಟ್ಯಾಂಕಿಗೆ ನೆರಳೇ ಇರುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೆ ಜಾರುತ್ತಾನೆ, ನೆರಳು ಉತ್ತರಕ್ಕೆ ಚಾಚುತ್ತದೆ. ಪ್ಯಾನೆಲ್‌ಗಳನ್ನು ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಹುಡುಗನೂ ನಾನೂ ನೋಡಿದ್ದು ಏಪ್ರಿಲ್ ತಾರಸಿಯನ್ನ. ಅಮ್ಮ ನೋಡಿದ್ದು ಇಪ್ಪತ್ತು ವರ್ಷದ ತಾರಸಿಯನ್ನ.

ಲೆಕ್ಕ ಮತ್ತೆ ಮೊದಲಿಂದ ಹಾಕಿದೆ. ಈ ಸಲ ಜಾಗ ಎಷ್ಟಿದೆ ಅಂತಲ್ಲ, ನಮಗೆ ಬೇಕಾದ್ದೆಷ್ಟು ಅಂತ. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವಾಟ್ ಅಂದರೆ ತಿಂಗಳಿಗೆ 240. ನಮಗೆ ಅಷ್ಟು ಸಾಕು. ಸಬ್ಸಿಡಿಯೂ ಎರಡರವರೆಗೆ ಕಿಲೋವಾಟಿಗೆ 30,000, ಮೂರನೆಯದಕ್ಕೆ ಬರೀ 18,000. ಆ 18,000ದ ಆಸೆಗೆ ಅಮ್ಮನ ಜಾಗ ಕೊಡಲು ಹೊರಟಿದ್ದೆ ನಾನು!

ನಾಲ್ಕೇ ಪ್ಯಾನೆಲ್. ಟ್ಯಾಂಕಿನ ನೆರಳಿಗೆ ಸಿಗದ ಹಾಗೆ ಪೂರ್ವಕ್ಕೆ ಸರಿಸಿ, ದಕ್ಷಿಣದ ಗೋಡೆಯಂಚಿಗೆ, ಪ್ಯಾರಪೆಟ್‌ಗಿಂತ ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಉತ್ತರದ ಬಯಲು ಹಾಗೇ ಉಳಿಯಿತು.

ಈ ಸಂಕ್ರಾಂತಿಗೆ ಊರಿಗೆ ಹೋದವಳು ಮಧ್ಯಾಹ್ನ ಮೇಲೆ ಹತ್ತಿ ಅಳೆದೆ. ಏಳಡಿಗೆ ಎರಡಿಂಚು ಕಮ್ಮಿ. ಅಮ್ಮನಿಗೆ ಹೇಳಿದರೆ, "ಎರಡಿಂಚು ಹೆಚ್ಚು ಹೇಳಿದ್ನಾ?" ಅಂತ ನಕ್ಕರು. ಬೇಸಿಗೆ ಬರಲಿ, ಈ ಸಲ ಸಂಡಿಗೆ ಹಾಕಲು ನಾನೂ ರಜೆ ಹಾಕಿ ಕೂರುತ್ತೇನೆ.