ರಾಯಾಪುರದ ಇಂಗ್ಲಿಷ್ ಮೇಡಂ

ಸಂಜೆ ಆರರ ಹೊತ್ತು. ಹುಬ್ಬಳ್ಳಿಯಿಂದ ಬಂದ ಚಿಗರಿ ಬಸ್ಸಿನಿಂದ ರಾಯಾಪುರದಲ್ಲಿ ಇಳಿಯುತ್ತೀರಿ. ನಿಲ್ದಾಣ ರಸ್ತೆಯ ನಟ್ಟನಡುವೆ. ಎಡಬಲ ನೋಡಿ ದಾಟಬೇಕು. ನಿಮ್ಮ ಮುಂದೆ ಹೆಗಲಿಗೆ ಚೀಲ ಹಾಕಿಕೊಂಡು ಹೊರಟವರು ಶಿಲ್ಲಾಂಗಿನಿಂದ ಬಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಮೇಡಂ. ಅವರ ಹಿಂದೆಯೇ ನಡೆಯಿರಿ.

ಚಹಾದಂಗಡಿಯ ಹುಡುಗ ಇಂಗ್ಲಿಷಿನಲ್ಲಿ ಕುಶಲ ಕೇಳುತ್ತಾನೆ. ಔಷಧದಂಗಡಿಯವರು ಮಗಳ ಪರೀಕ್ಷೆಯ ಸುದ್ದಿಯನ್ನೂ ಇಂಗ್ಲಿಷಿನಲ್ಲೇ ತೆಗೆಯುತ್ತಾರೆ. ಎಲ್ಲರದೂ ಪ್ರೀತಿಯೇ. ಆದರೆ ಭಾಷೆ ಕಲಿಸಲು ಬಂದವರಿಗೆ ಊರಿನ ಭಾಷೆ ಕೈಗೆ ಸಿಗದಿರುವುದು ಹೀಗೆಯೇ. 1987ರಿಂದ ಜಪಾನ್ ಸರ್ಕಾರ ಜೆಟ್ ಯೋಜನೆಯಲ್ಲಿ ಕರೆಸಿಕೊಳ್ಳುವ ಸಹಾಯಕ ಶಿಕ್ಷಕರದೂ ಇದೇ ಪಾಡು: ದಿನವಿಡೀ ಇಂಗ್ಲಿಷ್ ಆಡುವುದೇ ಕೆಲಸವಾದ ಮೇಲೆ ಜಪಾನಿ ಮಾತಿಗೆ ಶಾಲೆಯ ಹೊರಗೆ ಗೆಳೆತನ ಹುಡುಕಬೇಕು.

ಮೇಡಂಗೆ ಆ ಗೆಳೆತನ ಸಿಕ್ಕಿದ್ದು ಓಣಿಯ ಕೊನೆಯ ಮನೆಯ ಅಜ್ಜಿಯ ಹತ್ತಿರ. ಬಾಗಿಲಿಗೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತದೆ.

“ಬಾರವ್ವಾ, ಕುಂಡ್ರು. ಚಾ ಆತೇನು?”

“ಆತ್ರಿ ಆಯಿ. ಕಾಲೇಜಿನ್ಯಾಗ ಕುಡದೆ.”

ಆಯಿಗೆ ಇಂಗ್ಲಿಷಿನ ಹಂಗಿಲ್ಲ. ಅವರಿಗೆ ಬೇಕಾಗಿರುವುದು ಮಾತಿಗೊಬ್ಬರು, ಕೆಲಸಕ್ಕೊಂದು ಕೈ. ಒಲೆಯ ಕಾವು ನಿಮ್ಮ ಮುಖಕ್ಕೂ ತಾಗುತ್ತದೆ. ಬಿಸಿನೀರಲ್ಲಿ ಕಲಸಿದ ಜೋಳದ ಹಿಟ್ಟಿನ ಉಂಡೆಯೊಂದು ಮೇಡಂ ಕೈಗೆ ಬರುತ್ತದೆ. “ಅಂಚು ಸೀಳಾಕತ್ತೈತಿ, ಇನ್ನೊಂಚೂರು ನಾದು.” ನಾದುತ್ತಾರೆ. “ಈಗ ಬಡಿ. ಹಂಚಿನ ಮ್ಯಾಲ ಹಾಕಿ ನೀರು ಹಚ್ಚು. ಹೊಳ್ಳಿಸು, ಹೊತ್ತೀತು!” ಅರ್ಥವಾಗಿಲ್ಲ ಎಂದು ನಿಲ್ಲಲು ಇಲ್ಲಿ ಪುರಸತ್ತಿಲ್ಲ, ರೊಟ್ಟಿ ಕಾಯುವುದಿಲ್ಲ. ತರಗತಿಯಲ್ಲಿ ಇಂಥ ಅವಸರವನ್ನು ಯಾವ ಶಿಕ್ಷಕರೂ ತರಲಾರರು ಎಂದೇ ನನ್ನ ನಂಬಿಕೆ.

ಹೊರಗಿನಿಂದ ಬಂದು ಇಲ್ಲಿ ಕನ್ನಡ ಕಲಿತವರಲ್ಲಿ ಮೇಡಂ ಮೊದಲಿಗರಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಫರ್ಡಿನಾಂಡ್ ಕಿಟೆಲ್ ಮೊದಮೊದಲು ಕನ್ನಡ ಕಲಿತದ್ದು ಈ ಹುಬ್ಬಳ್ಳಿ–ಧಾರವಾಡದ ಸೀಮೆಯಲ್ಲೇ. 1894ರ ಅವರ ನಿಘಂಟಿನ ಸುಮಾರು 70,000 ಶಬ್ದಗಳಲ್ಲಿ ಕಾವ್ಯದ ಮಾತುಗಳ ಮಗ್ಗುಲಲ್ಲೇ ಆಡುಮಾತೂ ಗಾದೆಗಳೂ ಇವೆ. ಗಾದೆ ಕೇಳಬೇಕೆಂದರೆ ಕಟ್ಟೆಗೆ, ಅಂಗಳಕ್ಕೆ ಹೋಗಿ ಕೂರಬೇಕು.

ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿ ನಿಮ್ಮ ಮುಂದೂ ತಾಟು ಇಡುತ್ತಾರೆ. ಆಯಿ ಪಕ್ಕದ ಮನೆಯ ಸೊಸೆ ಸಿಟ್ಟು ಮಾಡಿಕೊಂಡು ತವರಿಗೆ ಹೋದ ಕಥೆ ಶುರು ಮಾಡಿದ್ದಾರೆ. ಮೇಡಂ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಾರೆ. ಕ್ರಿಯಾಪದ ತಪ್ಪುತ್ತದೆ, ಆಯಿ ಕಥೆ ನಿಲ್ಲಿಸದೆಯೇ ತಿದ್ದಿ ಮುಂದೆ ಹೋಗುತ್ತಾರೆ.

ಅಷ್ಟರಲ್ಲಿ ಮೊಮ್ಮಗ ಓಡಿ ಬಂದು, “ಗುಡ್ ಈವ್ನಿಂಗ್ ಮ್ಯಾಮ್, ಹೌ ಆರ್ ಯು?” ಎನ್ನುತ್ತಾನೆ.

“ಏ, ನಿನ್ನ ಇಂಗ್ಲಿಷ್ ನಾಳಿಗೆ ಇಟ್ಕೋ,” ಆಯಿ ಕೈ ಬೀಸುತ್ತಾರೆ. “ಈಗ ಮಾತ ನಡದಾವು.”

“ಆಮ್ಯಾಲೇನಾತ್ರಿ ಆಯಿ?” ಮೇಡಂ ಮುಂದಕ್ಕೆ ಬಾಗುತ್ತಾರೆ. “ಸೊಸಿ ಬಂದ್ಲೇನು?”