ಕೊಚ್ಚಿಯ ಆತಿಥೇಯರು

ದೇವರನ್ನು ನಂಬುವವರೂ ನಂಬದವರೂ ಒಬ್ಬರನ್ನೊಬ್ಬರು ಅರಿಯುವುದು ಸುಲಭವಲ್ಲ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಮೂಢರು. ಆ ಇನ್ನೊಬ್ಬರ ಕಣ್ಣಿಗೆ ಇವರು ಗರ್ವಿಷ್ಠರು. ವಾದ ಬೆಳೆದಂತೆಲ್ಲ ನಡುವಿನ ಗೋಡೆ ಎತ್ತರವಾಗುವುದೇ ಹೆಚ್ಚು. ಆದರೆ ಒಂದೇ ಮನೆಯಲ್ಲಿ ಎರಡು ದಿನ ಕೂಡಿ ಉಂಡು, ಕೂಡಿ ಮೌನವಾಗಿ ಕುಳಿತರೆ ಆ ಗೋಡೆಯಲ್ಲಿ ಒಂದು ಕಿಟಕಿ ತೆರೆದುಕೊಳ್ಳಬಹುದು. ಮೈಸೂರಿನ ಅಶೋಕಪುರಂನ ವಿಜ್ಞಾನದ ಉಪಾಧ್ಯಾಯರೊಬ್ಬರಿಗೆ 1980ರ ದಶಕದಲ್ಲಿ ಕೊಚ್ಚಿಯಲ್ಲಿ ಅಂಥದೊಂದು ಕಿಟಕಿ ತೆರೆಯಿತು.

ಅಶೋಕಪುರಂ ಮೈಸೂರು ನಗರದ ದಕ್ಷಿಣ ಭಾಗದಲ್ಲಿ, ನಂಜನಗೂಡಿನ ಕಡೆಗೆ ಸಾಗುವ ರೈಲುದಾರಿಯ ಬಳಿ ಇದೆ. ಅಶೋಕ ಚಕ್ರವರ್ತಿಯ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ನೆಲೆಸಿದವರು ಬಹುಪಾಲು ದಲಿತರು. ಡಾ. ಬಿ. ಆರ್. ಅಂಬೇಡ್ಕರರ ಭಾವಚಿತ್ರವಿಲ್ಲದ ಮನೆ ಇಲ್ಲಿ ಅಪರೂಪ. ಈ ಉಪಾಧ್ಯಾಯರ ಅಜ್ಜ ಹಳ್ಳಿಯೊಂದರಲ್ಲಿ ಜೀತದಾಳಾಗಿ ದುಡಿದವರು. ಹಬ್ಬದ ದಿನವೂ ಅವರಿಗೆ ಬಿಡುವಿರಲಿಲ್ಲ. ಊರ ದೇವರ ಗುಡಿಯನ್ನು ಅವರು ದೂರದಿಂದ ಕಂಡರೇ ಹೊರತು ಅದರ ಹೊಸ್ತಿಲನ್ನು ತುಳಿಯಲಿಲ್ಲ. ಇಂಥ ಮನೆತನದಲ್ಲಿ ಹುಟ್ಟಿ, ಓದಿ, ಯೋಚಿಸಲು ಕಲಿತ ಉಪಾಧ್ಯಾಯರು ದೇವರ ಗೊಡವೆಯನ್ನೇ ಬಿಟ್ಟಿದ್ದರು. ಧರ್ಮವೆಂದರೆ ಮುಚ್ಚಿದ ಬಾಗಿಲು ಎಂಬುದು ಅವರ ಪಾಲಿಗೆ ಸಿದ್ಧಾಂತವಾಗಿರಲಿಲ್ಲ, ಮನೆಯವರ ಬಾಯಿಂದ ಕೇಳಿದ ಅನುಭವವಾಗಿತ್ತು.

ಎರ್ನಾಕುಲಂನಲ್ಲಿ ನಡೆದ ಶಿಕ್ಷಕರ ಶಿಬಿರಕ್ಕೆ ಹೋದಾಗ ಅವರಿಗೆ ವೃದ್ಧ ಯೆಹೂದ್ಯರೊಬ್ಬರ ಪರಿಚಯವಾಯಿತು. ಶಿಬಿರ ಮುಗಿದ ಮೇಲೆ ಎರಡು ದಿನ ತಮ್ಮ ಮನೆಯಲ್ಲಿರಬೇಕೆಂದು ಆ ಹಿರಿಯರು ಒತ್ತಾಯ ಮಾಡಿದರು. ಕೇರಳದ ತೀರದಲ್ಲಿ ಯೆಹೂದ್ಯರ ಇತಿಹಾಸ ಬಹಳ ಹಳೆಯದು. ಭಾಸ್ಕರ ರವಿವರ್ಮನೆಂಬ ಅರಸನು ಸುಮಾರು ಕ್ರಿ. ಶ. 1000ದಲ್ಲಿ ಜೋಸೆಫ್ ರಬ್ಬಾನ್ ಎಂಬ ಯೆಹೂದ್ಯ ಮುಖಂಡನಿಗೆ ಹಲವು ಗೌರವಗಳನ್ನು ನೀಡಿ ಬರೆಸಿದ ತಾಮ್ರಶಾಸನಗಳು ಇಂದಿಗೂ ಉಳಿದಿವೆ. ಶತಮಾನಗಳ ಕಾಲ ಇಲ್ಲಿ ನೆಮ್ಮದಿಯಿಂದ ಬಾಳಿದ ಈ ಜನರಲ್ಲಿ ಬಹುಪಾಲು ಮಂದಿ 1950ರ ದಶಕದಲ್ಲಿ ಇಸ್ರೇಲಿಗೆ ತೆರಳಿದರು. ಉಳಿದ ಕೆಲವರಲ್ಲಿ ಈ ಹಿರಿಯರೂ ಒಬ್ಬರು.

ಗುರುವಾರ ಅವರು ಅತಿಥಿಯನ್ನು ಮಟ್ಟಾಂಚೇರಿಯ ಪರದೇಶಿ ಸಿನಗಾಗಿಗೆ ಕರೆದೊಯ್ದರು. ಸಿನಗಾಗ್ ಎಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರ. 1568ರಲ್ಲಿ ಕಟ್ಟಿದ ಈ ಮಂದಿರದೊಳಕ್ಕೆ ಪಾದರಕ್ಷೆಗಳನ್ನು ಕಳಚಿಯೇ ಹೋಗಬೇಕು. ನೆಲಕ್ಕೆ ಹಾಸಿರುವುದು ಚೀನಾದಿಂದ ತರಿಸಿದ, ಕೈಯಿಂದ ಚಿತ್ರಿಸಿದ ನೀಲಿ-ಬಿಳಿ ಬಿಲ್ಲೆಗಳು. ಮೇಲೆ ತೂಗುವ ಗಾಜಿನ ದೀಪಗಳು. ನಡುವೆ ಹಿತ್ತಾಳೆಯ ಕಟಕಟೆಯುಳ್ಳ ವೇದಿಕೆ. ಎಲ್ಲಿ ನೋಡಿದರೂ ವಿಗ್ರಹವಿಲ್ಲ. ಧರ್ಮಗ್ರಂಥದ ಸುರುಳಿಗಳೇ ಅಲ್ಲಿನ ಸಂಪತ್ತು.

ಮರುದಿನ ಶುಕ್ರವಾರ. ಮಧ್ಯಾಹ್ನದಿಂದಲೇ ಮನೆಯಲ್ಲಿ ಸಡಗರ ತುಂಬಿತು. ಮರುದಿನದ ಅಡುಗೆಯೂ ಅಂದೇ ಮುಗಿಯಬೇಕು. ಏಕೆಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರಗಳು ಮೂಡುವವರೆಗೆ ಸಬ್ಬತ್ತು, ಎಂದರೆ ವಿಶ್ರಾಂತಿಯ ದಿನ. ಆ ಅವಧಿಯಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಬರೆಯುವಂತಿಲ್ಲ. ಮನೆಯೊಡತಿ ಹೊತ್ತು ಮುಳುಗುವ ಮುನ್ನ ಎಣ್ಣೆಯ ದೀಪವನ್ನು ಬೆಳಗಿದರು. ಹಿರಿಯರು ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ಹೀಬ್ರೂ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ಊಟವಾದ ಮೇಲೆ ಆ ತಾಯಿ ತಮ್ಮ ಜನರ ಹೆಂಗಸರು ತಲೆಮಾರುಗಳಿಂದ ಹಾಡಿಕೊಂಡು ಬಂದ ಹಾಡೊಂದನ್ನು ಹಾಡಿದರು. ಅದು ಮಲಯಾಳದಲ್ಲಿತ್ತು, ಕನ್ನಡದ ಕಿವಿಗೆ ಅರ್ಧ ತಿಳಿದು ಅರ್ಧ ತಿಳಿಯದೆ ಇಂಪಾಗಿ ಕೇಳಿಸಿತು.

ರಾತ್ರಿ ಮಾತು ಬೆಳೆಯುತ್ತಿದ್ದಂತೆ ದೀಪದ ಎಣ್ಣೆ ತೀರಿ ಕತ್ತಲಾಯಿತು. ಉಪಾಧ್ಯಾಯರು, "ನಾನು ದೀಪ ಹಚ್ಚಲೇ?" ಎಂದು ಕೇಳಿದರು. ಹಿರಿಯರು ನಕ್ಕು ನುಡಿದರು: "ನಿಮಗೆ ಬೇಕಾದರೆ ಅಗತ್ಯವಾಗಿ ಹಚ್ಚಿಕೊಳ್ಳಿ. ನನಗಾಗಿ ಮಾತ್ರ ಹಚ್ಚಬೇಡಿ. ಈ ನಿಯಮ ನನ್ನ ಮೇಲೆ ನಾನು ಹೊತ್ತದ್ದು. ನಿಮ್ಮ ಮೇಲೆ ಹೊರಿಸುವುದಕ್ಕಲ್ಲ." ಉಪಾಧ್ಯಾಯರು ದೀಪ ಹಚ್ಚಲಿಲ್ಲ. ಇಬ್ಬರೂ ಕತ್ತಲಲ್ಲಿಯೇ ಮಾತು ಮುಂದುವರಿಸಿದರು.

"ಈ ಕಟ್ಟುಪಾಡಿಗೆ ಕಾರಣವೇನು? ದೇವರ ಭಯವೇ?" ಎಂದು ಅತಿಥಿ ಕೇಳಿದರು. ಹಿರಿಯರು ತಮ್ಮ ಗ್ರಂಥದ ತಾತ್ಪರ್ಯವನ್ನು ವಿವರಿಸಿದರು. ಆ ದಿನ ಯಜಮಾನನು ಮಾತ್ರ ವಿಶ್ರಮಿಸಿದರೆ ಸಾಲದು. ಅವನ ಆಳು, ಅವನ ದಾಸಿ, ಅವನ ಎತ್ತು, ಅವನ ಕತ್ತೆ, ಅವನ ಊರಲ್ಲಿರುವ ಪರದೇಶಿ, ಎಲ್ಲರೂ ವಿಶ್ರಮಿಸಬೇಕು. ಏಕೆಂದರೆ ಯೆಹೂದ್ಯರೂ ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ದಾಸರಾಗಿದ್ದರು. ಅದನ್ನು ಎಂದಿಗೂ ಮರೆಯಬಾರದು. ಬಿಡುಗಡೆಯ ನೆನಪಿಗಾಗಿ ಆಚರಿಸುವ ಪಸ್ಕ ಹಬ್ಬದ ರಾತ್ರಿ ಮನೆಯ ಅತಿ ಕಿರಿಯ ಮಗು ಎದ್ದು, ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಬೇರೆ ಏಕೆಂದು ಪ್ರಶ್ನಿಸಬೇಕು. ಮಗುವಿನ ಆ ಪ್ರಶ್ನೆಗೆ ಉತ್ತರವಾಗಿಯೇ ಹಿರಿಯರು ಬಿಡುಗಡೆಯ ಕಥೆಯನ್ನು ಹೇಳಬೇಕು.

ಜೀತದ ಅಜ್ಜನ ಮೊಮ್ಮಗನಿಗೆ ಆ ಮಾತು ನಾಟಿತು. ಆಳಿಗೂ ಎತ್ತಿಗೂ ವಾರಕ್ಕೊಂದು ದಿನ ಬಿಡುವು ಕೊಡೆಂದು ವಿಧಿಸುವ ನಂಬಿಕೆಯೊಂದು ಇದೆಯೆಂದರೆ ಅದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಆದರೆ ಸಿನಗಾಗಿನಲ್ಲಿ ಕೇಳಿದ ಸಂಗತಿಯೊಂದು ಅವರ ಮನಸ್ಸನ್ನು ಕೊರೆಯುತ್ತಿತ್ತು. "ದಾಸ್ಯವನ್ನು ಮರೆಯಬಾರದೆನ್ನುವ ಜನ, ಬಿಡುಗಡೆ ಹೊಂದಿದ ದಾಸರ ಮಕ್ಕಳನ್ನು ನಿಮ್ಮ ಮಂದಿರದಲ್ಲಿಯೇ ಹಿಂದೆ ನೆಲದ ಮೇಲೆ ಕೂರಿಸಿದಿರಂತಲ್ಲ, ಅದು ಹೇಗೆ?" ಎಂದು ಅವರು ಕೇಳಿಯೇಬಿಟ್ಟರು.

ಕತ್ತಲಲ್ಲಿ ಕೆಲವು ಕ್ಷಣ ಮೌನ. ಆತಿಥೇಯರು ಕೋಪಗೊಳ್ಳಲಿಲ್ಲ, ನೆಪಗಳನ್ನೂ ಹೇಳಲಿಲ್ಲ. "ಅದು ನಮ್ಮ ಪಾಪ. ನಮ್ಮ ಗ್ರಂಥವೇ ನಮ್ಮ ವಿರುದ್ಧ ಸಾಕ್ಷಿ ಹೇಳಿತು" ಎಂದರು. ಬಳಿಕ ಅವರು ಅಬ್ರಹಾಂ ಬರಾಕ್ ಸಾಲೆಂ ಅವರ ಕಥೆಯನ್ನು ಹೇಳಿದರು. 1882ರಲ್ಲಿ ಹುಟ್ಟಿದ ಸಾಲೆಂ, ಹಾಗೆ ಹಿಂದೆ ಕೂರಿಸಲ್ಪಟ್ಟ ಗುಂಪಿಗೇ ಸೇರಿದವರು. ಮದ್ರಾಸಿನಲ್ಲಿ ಕಾನೂನು ಓದಿ ವಕೀಲರಾದರು. ರಾಷ್ಟ್ರೀಯ ಚಳವಳಿಗೆ ಧುಮುಕಿದರು. ಗಾಂಧೀಜಿಯವರ ಸತ್ಯಾಗ್ರಹ ಮಾರ್ಗವನ್ನು ತಮ್ಮ ಪ್ರಾರ್ಥನಾ ಮಂದಿರದೊಳಕ್ಕೆ ತಂದು, ನಿಷೇಧಿಸಿದ ಸ್ಥಳದಲ್ಲಿ ಕುಳಿತು, ಸಮಾನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಭೇದದ ಕಟ್ಟುಗಳು ಒಂದೊಂದಾಗಿ ಸಡಿಲಿದವು. ಜನ ಅವರನ್ನು 'ಯೆಹೂದ್ಯ ಗಾಂಧಿ' ಎಂದು ಕರೆದರು. 1967ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಧರ್ಮವನ್ನು ಬಿಡಲಿಲ್ಲ. "ದೇವರ ಹೆಸರಿನಲ್ಲಿ ನಾವು ಅವರನ್ನು ಹಿಂದೆ ಕೂರಿಸಿದೆವು, ಅದೇ ದೇವರ ಹೆಸರಿನಲ್ಲಿ ಅವರು ಮುಂದೆ ಬಂದರು" ಎಂದರು ಹಿರಿಯರು.

ಉಪಾಧ್ಯಾಯರಿಗೆ ಅಂಬೇಡ್ಕರರ ನೆನಪಾಯಿತು. 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ, 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಅವರು ಸತ್ಯಾಗ್ರಹ ನಡೆಸಿದರು. ಬಾಗಿಲು ತೆರೆಯದಿದ್ದಾಗ, ಹಿಂದೂವಾಗಿ ಸಾಯುವುದಿಲ್ಲವೆಂದು 1935ರಲ್ಲಿ ಸಾರಿದರು. ಸಾಲೆಂ ಒಳಗೆ ನಿಂತು ಗೆದ್ದರು. ಅಂಬೇಡ್ಕರರು ಹೊರಗೆ ನಡೆದು ಗೆದ್ದರು. ಆದರೆ ಹೊರಬಂದ ಅಂಬೇಡ್ಕರರು ಎಲ್ಲಿಗೆ ಹೋದರು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬುದ್ಧನ ಮಾರ್ಗವನ್ನು ಸೇರಿದರು. ಬದುಕಿನ ಕೊನೆಯ ವರ್ಷಗಳನ್ನು ಬುದ್ಧ ಮತ್ತು ಧಮ್ಮದ ಮೇಲಿನ ಗ್ರಂಥಕ್ಕೆ ಮುಡಿಪಿಟ್ಟರು. ಅಸಮಾನತೆಯನ್ನು ತೊರೆದ ಆ ಮಹಾನುಭಾವರು ಶ್ರದ್ಧೆಯನ್ನು ತೊರೆದಿರಲಿಲ್ಲ. ತಮ್ಮ ಮನೆಯ ಗೋಡೆಯ ಮೇಲಿನ ಚಿತ್ರದ ಒಂದು ಮಗ್ಗುಲು ಆ ಕತ್ತಲಲ್ಲಿ ಉಪಾಧ್ಯಾಯರಿಗೆ ಹೊಸದಾಗಿ ಕಾಣಿಸಿತು.

ಮೈಸೂರಿಗೆ ಮರಳಿದ ಮೇಲೆ ಅವರು ಆಸ್ತಿಕರೇನೂ ಆಗಲಿಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಅವರ ಉತ್ತರ ಮೊದಲಿನದೇ ಆಗಿತ್ತು. ಆದರೆ ನಂಬಿಕೆ ಎಂಬ ಪದದ ಅರ್ಥ ಅವರಲ್ಲಿ ಹಿಗ್ಗಿತ್ತು. ಕಂಡವರಿಲ್ಲದಾಗಲೂ ತಾನೇ ಹೊತ್ತ ನಿಯಮವನ್ನು ಮುರಿಯದಿರುವುದು, ಪಟ್ಟ ಕಷ್ಟವನ್ನು ಮರೆಯದೆ ಇನ್ನೊಬ್ಬರ ಕಷ್ಟಕ್ಕೆ ಕರಗುವುದು, ಅತಿಥಿಯ ಕಟುವಾದ ಪ್ರಶ್ನೆಯ ಮುಂದೆ ಸುಳ್ಳಾಡದಿರುವುದು, ಇವೆಲ್ಲವೂ ಆ ಪದದೊಳಗೆ ಸೇರಿದ್ದವು. ನಂಬುವವರಂತೆಯೇ ನಂಬದವರಿಗೂ ಇವು ಬೇಕಾದವುಗಳೇ.

ಇಂದು ಕೊಚ್ಚಿಯಲ್ಲಿ ಉಳಿದಿರುವ ಯೆಹೂದ್ಯರು ಬೆರಳೆಣಿಕೆಯಷ್ಟು ಮಂದಿ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ವಯಸ್ಕ ಪುರುಷರು ಕೂಡುವುದೂ ಅಲ್ಲಿ ಕಷ್ಟ. ಆದರೆ ಯಾವುದೇ ಧರ್ಮವನ್ನು ಅರಿಯಬಯಸುವವರು ಅದರ ಮಂದಿರದ ಶಿಖರವನ್ನು ನೋಡಿದರೆ ಸಾಲದು. ಕೊನೆಯ ಸಾಲಿನಲ್ಲಿ ಕುಳಿತವರು ಯಾರು, ಅವರನ್ನು ಮುಂದೆ ಕರೆಯಲು ಒಳಗಿನವರು ಏನು ಮಾಡಿದರು ಎಂಬುದನ್ನೂ ನೋಡಬೇಕು. ಅಶೋಕಪುರಂನ ಆ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗೆ ಮುಂದೆ ಹೇಳುತ್ತಿದ್ದುದು ಈ ಮಾತನ್ನೇ.