ದರ್ವೇಶ್ ಖಾನರ ಪ್ಯಾರಿಸ್, ನಮ್ಮ ಲಾಲ್‌ಬಾಗ್

ಈ ಸಂಚಿಕೆಗೆ ಪ್ರವಾಸ ಕಥನ ಬರೆದುಕೊಡಿ ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯಲ್ಲಿ ಗದ್ದಲವೋ ಗದ್ದಲ. ಒಬ್ಬಳು ಊಟಿ ಎಂದಳು, ಇನ್ನೊಬ್ಬಳು ದುಬೈ ಎಂದಳು. ರಜೆಯಲ್ಲಿ ಪ್ಯಾರಿಸ್ ನೋಡಿ ಬಂದ ಗೆಳತಿಗಂತೂ ಎಷ್ಟು ಪುಟ ಕೊಟ್ಟರೂ ಸಾಲದು. ನಾನು ಸಾರಕ್ಕಿಯಲ್ಲೇ ಹುಟ್ಟಿ ಬೆಳೆದವಳು. ನನ್ನ ಅತಿ ದೂರದ ಪ್ರಯಾಣವೆಂದರೆ ಶ್ರೀರಂಗಪಟ್ಟಣ ಮತ್ತು ಮೈಸೂರು, ಅದೂ ಶಾಲೆಯ ಬಸ್ಸಿನಲ್ಲಿ ಒಂದೇ ದಿನ.

ಮನೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಾಗ ಅಬ್ಬಾ ಹೇಳಿದರು: "ನೀನು ಹೋಗದಿದ್ದರೇನು, ಶ್ರೀರಂಗಪಟ್ಟಣದಿಂದಲೇ ಪ್ಯಾರಿಸ್‌ಗೆ ಹೋದವರಿದ್ದಾರಲ್ಲ, ಅವರ ಬಗ್ಗೆ ಬರೆ." ಅಂದಿನಿಂದ ಪುಸ್ತಕ, ಮೊಬೈಲು ಎಲ್ಲವನ್ನೂ ತಡಕಾಡಿದೆ. ಸಿಕ್ಕಿದವರು ಮೂವರು: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ಬ್ರಿಟಿಷರ ವಿರುದ್ಧ ಫ್ರಾನ್ಸಿನ ನೆರವು ಕೇಳಲು ಟಿಪ್ಪು ಸುಲ್ತಾನ್ ಕಳುಹಿಸಿದ ರಾಯಭಾರಿಗಳು ಇವರು.

1787ರಲ್ಲಿ ಪುದುಚೇರಿಯಿಂದ ಹಡಗು ಹತ್ತಿದ ಅವರು ಫ್ರಾನ್ಸಿನ ತೂಲಾನ್ ಬಂದರಿನಲ್ಲಿ ಇಳಿದದ್ದು 1788ರ ಜೂನ್‌ನಲ್ಲಿ. ನನ್ನ ಗೆಳತಿ ಒಂದು ರಾತ್ರಿಯಲ್ಲಿ ಮುಗಿಸಿದ ದಾರಿಗೆ ಅವರಿಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು! ಮಾರ್ಸೇಲ್ಸ್, ಲಿಯಾನ್ ನಗರಗಳನ್ನು ದಾಟಿ ಜುಲೈನಲ್ಲಿ ಪ್ಯಾರಿಸ್ ತಲುಪಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆ 16ನೇ ಲೂಯಿ ಅವರನ್ನು ಬರಮಾಡಿಕೊಂಡ. ಸೆವ್ರ್ ಎಂಬಲ್ಲಿನ ಪ್ರಸಿದ್ಧ ಪಿಂಗಾಣಿ ಸಾಮಾನುಗಳು ಉಡುಗೊರೆಯಾಗಿ ಸಿಕ್ಕವು.

ಆದರೆ ಓದುತ್ತಾ ಹೋದಂತೆ ನನಗೆ ಒಂದು ವಿಷಯ ವಿಚಿತ್ರವೆನಿಸಿತು. ಪ್ಯಾರಿಸ್ ನೋಡಲು ಅವರು ಹೋದರು ಎಂದುಕೊಂಡಿದ್ದೆ. ಆದರೆ ಪ್ಯಾರಿಸ್ಸೇ ಅವರನ್ನು ನೋಡಲು ಮುಗಿಬಿದ್ದಿತ್ತು. ಅವರ ಪೇಟ, ನಿಲುವಂಗಿ, ಊಟ ಮಾಡುವ ರೀತಿ ಎಲ್ಲವೂ ಅಲ್ಲಿನವರಿಗೆ ತಮಾಷೆಯ ನೋಟ. ನಾಟಕಶಾಲೆಗೆ ಹೋದರೆ ಜನ ನಾಟಕ ಬಿಟ್ಟು ಇವರನ್ನು ನೋಡುತ್ತಿದ್ದರೋ ಏನೋ! ವಿಜೆ ಲೆ ಬ್ರನ್ ಎಂಬ ಹೆಸರಾಂತ ಚಿತ್ರಕಾರ್ತಿ ಇವರನ್ನು ಮೊದಲು ಕಂಡದ್ದೂ ಪ್ಯಾರಿಸ್‌ನ ಆಪೆರಾದಲ್ಲೇ. ಕಂಡ ಕೂಡಲೇ ಚಿತ್ರ ಬರೆಯುವ ಆಸೆಯಾಯಿತಂತೆ. ದೊರೆ ಹೇಳಿದರೆ ಮಾತ್ರ ಎಂದು ಇವರು ಷರತ್ತು ಹಾಕಿದರು. ಆಕೆ ದೊರೆಯಿಂದಲೇ ಹೇಳಿಸಿದಳು.

ಮುಂದಿನದನ್ನು ಆಕೆಯೇ ತನ್ನ ನೆನಪುಗಳ ಪುಸ್ತಕದಲ್ಲಿ ಹೇಳಿದ್ದಾಳೆ. ಮನೆಗೆ ಬಂದವಳ ಕೈಗೆ ಇವರು ಪನ್ನೀರು ಹಾಕಿ ಸತ್ಕರಿಸಿದರು. ಬಿಳಿ ಮಸ್ಲಿನ್ ನಿಲುವಂಗಿ ತೊಟ್ಟ ದರ್ವೇಶ್ ಖಾನರ ಆಳೆತ್ತರದ ಚಿತ್ರ ಸಿದ್ಧವಾಯಿತು. ಬಣ್ಣ ಒಣಗಲೆಂದು ಅಲ್ಲೇ ಬಿಟ್ಟುಹೋದಳು. ಮರಳಿ ಕೇಳಿದಾಗ ದರ್ವೇಶ್ ಖಾನರು ಕೊಡಲಿಲ್ಲ, ಅದನ್ನು ತಮ್ಮ ಮಂಚದ ಹಿಂದೆ ಅಡಗಿಸಿಟ್ಟಿದ್ದರು! ಕೊನೆಗೆ ಅವರ ಸೇವಕನನ್ನು ಒಲಿಸಿಕೊಂಡು ಆಕೆ ಚಿತ್ರವನ್ನು ಹೊರಗೆ ಸಾಗಿಸಿದಳು. 2019ರಲ್ಲಿ ಅದೇ ಚಿತ್ರ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಮೊದಲು ಓದಿದಾಗ ನಕ್ಕೆ. ರಾತ್ರಿ ಮಲಗಿದಾಗ ನಗು ಬರಲಿಲ್ಲ. ಏಕೆಂದರೆ ಜನವರಿಯ ಫಲಪುಷ್ಪ ಪ್ರದರ್ಶನ ನೆನಪಾಯಿತು.

ಜೆ.ಪಿ. ನಗರ ನಿಲ್ದಾಣದಿಂದ ಮೆಟ್ರೊ ಹತ್ತಿ ನಾವು ನಾಲ್ವರು ಲಾಲ್‌ಬಾಗ್‌ಗೆ ಹೋಗಿದ್ದೆವು. ಹೈದರ್ ಅಲಿ ಆರಂಭಿಸಿ, ಟಿಪ್ಪು ದೂರದೂರದ ಗಿಡಗಳನ್ನು ತರಿಸಿ ಬೆಳೆಸಿದ ತೋಟ ಅದು. ಅಲ್ಲಿರುವ ಗಾಜಿನ ಮನೆಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಅಂದರೆ ಯುರೋಪಿನ ಒಂದು ತುಣುಕು ನಮ್ಮ ಮನೆಯಿಂದ ಕೆಲವೇ ನಿಲ್ದಾಣಗಳ ದೂರದಲ್ಲಿದೆ. ಹೊರಗಿನ ಬೆಂಚಿನ ಮೇಲೆ ವಿದೇಶಿ ಅಜ್ಜಿಯೊಬ್ಬರು ಒಬ್ಬರೇ ಕೂತು ಸೌತೆಕಾಯಿ ತಿನ್ನುತ್ತಿದ್ದರು. ಖಾರದಿಂದ ಮುಖ ಕೆಂಪಾಗಿತ್ತು. ನಾವು ಅವರನ್ನು ಕೇಳಲಿಲ್ಲ. ಬೆನ್ನು ತಿರುಗಿಸಿ ನಿಂತು, ಅವರೂ ಬರುವಂತೆ ಸೆಲ್ಫಿ ತೆಗೆದೆವು. ಅವರು ಕೈ ಅಡ್ಡ ಹಿಡಿದರು. ನಾವು ನಕ್ಕೆವು. ನಾನು ಅದನ್ನು ಸ್ಟೇಟಸ್‌ಗೂ ಹಾಕಿದೆ.

ಆ ಅಡ್ಡ ಹಿಡಿದ ಕೈಯೂ, ಮಂಚದ ಹಿಂದೆ ಅಡಗಿಸಿಟ್ಟ ಚಿತ್ರವೂ ಒಂದೇ ಮಾತು ಹೇಳುತ್ತಿದ್ದವು. ನನಗೆ ಅರ್ಥವಾಗಲು ಇಷ್ಟು ದಿನ ಬೇಕಾಯಿತು.

ಹಾಗೆಂದು ನನಗೆ ಆ ನೋಟದ ಪರಿಚಯ ಇಲ್ಲದೇ ಇಲ್ಲ. ಒಮ್ಮೆ ಅಂಗಡಿಯೊಂದರಲ್ಲಿ ನೋಟ್‌ಬುಕ್ ಕೊಳ್ಳುವಾಗ, "ಕನ್ನಡ ಚೆನ್ನಾಗಿ ಮಾತಾಡ್ತೀಯಮ್ಮ, ಯಾವ ಊರು?" ಎಂದು ಕೇಳಿದರು. "ಸಾರಕ್ಕಿ ಅಂಕಲ್." "ಅಲ್ಲಮ್ಮ, ಮೂಲ ಊರು?" ನಮ್ಮ ತಾತನೂ ಸಾರಕ್ಕಿಯವರೇ ಎಂದೆ. ಅವರು ನಂಬದವರಂತೆ ನಕ್ಕರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನನಗೆ ಗೊತ್ತು. ಆದರೂ ನನ್ನದೇ ಬೀದಿಯಲ್ಲಿ ನಾನು ಒಂದು ನಿಮಿಷ ಪ್ರವಾಸಿಯಾಗಿಬಿಟ್ಟೆ. ಅಷ್ಟು ನೋವು ಗೊತ್ತಿದ್ದವಳು ಆ ಅಜ್ಜಿಗೆ ಹಾಗೆ ಮಾಡಬಾರದಿತ್ತು.

ಈ ಕಥೆಯನ್ನೆಲ್ಲ ದಾದಿಗೆ ಉರ್ದುವಿನಲ್ಲಿ ಹೇಳಿದೆ. ಅರಮನೆ, ಪಿಂಗಾಣಿ, ಹರಾಜಿನ ಡಾಲರು ಯಾವುದೂ ಅವರಿಗೆ ದೊಡ್ಡದೆನಿಸಲಿಲ್ಲ. ಕೇಳಿದ್ದು ಒಂದೇ: "ಉನೋ ಘರ್ ಕು ವಾಪಸ್ ಆಯೆ ಕ್ಯಾ?" ಮನೆಗೆ ಮರಳಿದರಾ ಎಂದು.

ಹೌದು ದಾದಿ, 1789ರಲ್ಲಿ ಮರಳಿ ಬಂದರು. ಕಾಮರ್ಸ್ ವಿದ್ಯಾರ್ಥಿನಿಯಾಗಿ ಲೆಕ್ಕ ಹಾಕಿದರೆ ಜಮಾ ಕಾಲಂನಲ್ಲಿ ಸತ್ಕಾರ, ಉಡುಗೊರೆ. ಕೇಳಲು ಹೋಗಿದ್ದ ಯುದ್ಧದ ನೆರವು ಮಾತ್ರ ಬಾಕಿಯಾಗಿಯೇ ಉಳಿಯಿತು. ಅದೇ ವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯೂ ಆಯಿತು.

ನನ್ನ ಲೆಕ್ಕದಲ್ಲೂ ಒಂದು ಬಾಕಿ ಇದೆ. ಆ ಫೋಟೊವನ್ನು ಮೊಬೈಲಿನಿಂದ ಅಳಿಸಿದ್ದೇನೆ, ಆದರೆ ನೋಡಿದವರ ಕಣ್ಣಿನಿಂದ ಅಳಿಸಲಾಗದು. ಆಗಸ್ಟ್‌ನಲ್ಲಿ ಮತ್ತೆ ಫಲಪುಷ್ಪ ಪ್ರದರ್ಶನ ಬರುತ್ತದೆ. ಬೆಂಚಿನ ಮೇಲೆ ಯಾರಾದರೂ ಒಬ್ಬರೇ ಕೂತಿದ್ದರೆ ಈ ಸಲ ಮೊಬೈಲ್ ಚೀಲದಲ್ಲಿಟ್ಟು ಹತ್ತಿರ ಹೋಗುತ್ತೇನೆ. ಖಾರ ಜಾಸ್ತಿಯಾಗಿದ್ದರೆ ಕುಡಿಯಲು ನೀರು ಕೊಡುತ್ತೇನೆ. ಯಾವ ಊರು ಎಂದು ಕೇಳಿದ ಮೇಲೆ, ಅವರು ಹೇಳಿದ್ದನ್ನು ನಂಬುತ್ತೇನೆ.